ಔಷಧದಾನ ಮತ್ತು ಅಭಯದಾನ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಪರಂಪರೆ ಒಂದೇ ಸಾಲಿನಲ್ಲಿ ಇರಿಸಿದೆ. ಈ ನಾಲ್ಕರಲ್ಲೂ ಆನಂದ ಕಂಡ ದಾನಿಗಳನ್ನು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಆದರೆ ಒಂದು ಜೀವದ ಔಷಧಕ್ಕಾಗಿ ಮತ್ತೊಂದು ಜೀವದ ಅಭಯವನ್ನು ಕಸಿಯಬೇಕಾದಾಗ ಧರ್ಮ ಯಾವುದು? ಪ್ರಾಣಿಪ್ರಯೋಗದ ನೀತಿಗೆ ಇಂದಿಗೂ ಆಧಾರವೆನಿಸಿರುವ ಒಂದು ಗ್ರಂಥವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದ ‘ದಿ ಪ್ರಿನ್ಸಿಪಲ್ಸ್ ಆಫ್ ಹ್ಯೂಮೇನ್ ಎಕ್ಸ್‌ಪೆರಿಮೆಂಟಲ್ ಟೆಕ್ನಿಕ್’ ಮೂರು ಸೂತ್ರಗಳನ್ನು ಹೇಳುತ್ತದೆ: ಪ್ರಾಣಿಯ ಬದಲು ಬೇರೆ ವಿಧಾನ ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು. ಕರುಣೆಗೂ ಉತ್ತಮ ವಿಜ್ಞಾನಕ್ಕೂ ವಿರೋಧವಿಲ್ಲವೆಂಬ ಅದರ ನಿಲುವು ಶ್ಲಾಘ್ಯ.

ಆದರೂ ಕೃತಿಯಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಅದರ ಕಾಳಜಿ ಬೆನ್ನೆಲುಬುಳ್ಳ ಪ್ರಾಣಿಗಳಿಗೆ ಸೀಮಿತ. ಚುಚ್ಚುಮದ್ದಿನಲ್ಲಿ ಜ್ವರಕಾರಕ ಅಂಶವಿದೆಯೇ ಎಂದು ಮೊದಲು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. 1970ರ ದಶಕದಿಂದ ಆ ಕೆಲಸಕ್ಕೆ ಹಾರ್ಸ್‌ಶೂ ಕ್ರ್ಯಾಬ್ ಎಂಬ ಕಡಲಜೀವಿಯ ರಕ್ತ ಬಂದಿತು. ಮೊಲಕ್ಕೆ ದೊರೆತ ಅಭಯ ಆ ಜೀವಿಗೆ ದೊರೆಯಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಾದರೋ ತ್ರಸಜೀವಗಳೆಲ್ಲವನ್ನೂ ಸಂಕಲ್ಪಹಿಂಸೆಯಿಂದ ಕಾಪಾಡುವುದೇ ಅಣುವ್ರತವೆನ್ನುತ್ತದೆ.

ಎರಡನೆಯದಾಗಿ, ಕೃತಿ ‘ಹೇಗೆ’ ಎಂದು ಕೇಳುತ್ತದೆಯೇ ಹೊರತು ‘ಏತಕ್ಕಾಗಿ’ ಎಂಬುದನ್ನು ಸೂತ್ರವಾಗಿಸುವುದಿಲ್ಲ. ಪ್ರಾಣ ಉಳಿಸುವ ಮದ್ದಿಗೂ, ಇರುವ ಮದ್ದನ್ನೇ ತುಸು ಬದಲಿಸಿ ಲಾಭಕ್ಕೆ ಮಾರುವ ಮಾತ್ರೆಗೂ ಅಲ್ಲಿ ಒಂದೇ ನಿಯಮ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ಶ್ರಾವಕನಿಗೆ ಈ ಭೇದವೇ ಮುಖ್ಯ.

ಹಾಗೆಂದು ಪರೀಕ್ಷೆಯೇ ಬೇಡವೆನ್ನಲಾಗದು. 1937ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸದೆ ಮಾರಿದ ಸಲ್ಫಾನಿಲಮೈಡ್ ದ್ರಾವಣ ನೂರಕ್ಕೂ ಹೆಚ್ಚು ಜನರನ್ನು ಬಲಿಗೊಂಡಿತು. ಇತ್ತ 2006ರಲ್ಲಿ ಲಂಡನ್ನಿನಲ್ಲಿ, ಕೋತಿಗಳಿಗೆ ಅಪಾಯ ಮಾಡದ ಟಿಜಿಎನ್1412 ಎಂಬ ಮದ್ದು ಅತ್ಯಲ್ಪ ಪ್ರಮಾಣದಲ್ಲಿಯೇ ಆರು ಮಂದಿ ಸ್ವಯಂಸೇವಕರನ್ನು ಸಾವಿನಂಚಿಗೆ ತಂದಿತು. ಪ್ರಾಣಿಯ ಬಲಿದಾನ ಮನುಷ್ಯನ ಅಭಯಕ್ಕೆ ಖಾತರಿಯಲ್ಲ. ಬಡತನದಿಂದ ಬಂದ ಒಪ್ಪಿಗೆಯೂ ನಿಜವಾದ ಒಪ್ಪಿಗೆಯಲ್ಲ.

ಕಾನೂನು ಈಗ ದಾರಿ ತೆರೆಯುತ್ತಿದೆ. 2022ರಲ್ಲಿ ಅಮೆರಿಕವೂ 2023ರಲ್ಲಿ ಭಾರತವೂ ಜೀವಕೋಶ ಆಧಾರಿತ ಪರೀಕ್ಷೆಗಳಿಗೆ ಮಾನ್ಯತೆ ನೀಡಿದವು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯ ಹೊಣೆ ನಮ್ಮದೆಂದು ನಂಬುವವರು ಇದನ್ನು ದೂರ ನಿಂತು ನೋಡುವಂತಿಲ್ಲ. ರೋಗಿಗೆ ಬೇಕಾದ ಔಷಧವನ್ನು ನಿರಾಕರಿಸುವುದು ಧರ್ಮವಲ್ಲ. ಬೇಡವಾದುದನ್ನು ಕೊಳ್ಳದಿರುವುದು ಧರ್ಮ. ಆಸ್ಪತ್ರೆ ನಡೆಸುವ ನಮ್ಮ ಟ್ರಸ್ಟುಗಳು ಅಲ್ಲಿ ಔಷಧ ಪ್ರಯೋಗಕ್ಕೆ ಅವಕಾಶ ಕೊಡುವ ಮುನ್ನ ರೋಗಿಯ ಒಪ್ಪಿಗೆ ಸ್ವತಂತ್ರವೇ ಎಂದು ವಿಚಾರಿಸಲಿ. ಔಷಧದಾನದ ನಿಧಿಯಲ್ಲಿ ಒಂದಂಶವನ್ನು ಪ್ರಾಣಿರಹಿತ ಪರೀಕ್ಷಾವಿಧಾನಗಳ ಸಂಶೋಧನೆಗೆ ಮೀಸಲಿಡಲಿ. ಆಗ ಒಂದು ದಾನ ಮತ್ತೊಂದಕ್ಕೆ ಬಾಧಕವಾಗದು.