ಸಹಿಯೊಂದು ಸಾಲದು: ನಾಯಿಗಳ ತಳಿ ಸಂವರ್ಧನೆ ಮತ್ತು ಪಶುವೈದ್ಯರ ಹೊಣೆ

ಹಿರೇನಲ್ಲೂರಿನ ಸುತ್ತಲಿನ ರೈತನು ತನ್ನ ಆಕಳು ಬೆದೆಗೆ ಬಂದಾಗ ಪಶುವೈದ್ಯರ ಬಳಿಗೆ ಹೋಗುತ್ತಾನೆ. ಯಾವ ಹೋರಿಯ ವೀರ್ಯವೆಂದು ವಿಚಾರಿಸುತ್ತಾನೆ. ಅದೇ ರೈತನು ತೆಂಗು ಅಡಿಕೆ ತೋಟದ ಕಾವಲಿಗೆಂದು ನಗರದಿಂದ ಜಾತಿನಾಯಿಯ ಮರಿಯನ್ನು ತರುವಾಗ ಅದರ ತಾಯಿತಂದೆಗಳ ಆರೋಗ್ಯವನ್ನು ಯಾರಲ್ಲಿಯೂ ವಿಚಾರಿಸುವುದಿಲ್ಲ. ವಂಶಾವಳಿಯ ಕಾಗದವೊಂದಿದ್ದರೆ ಮರಿ ಉತ್ತಮವೆಂದೇ ನಂಬುತ್ತಾನೆ. ಇದು ಅವನೊಬ್ಬನ ಅಜ್ಞಾನವಲ್ಲ. ಕೇಳುವುದನ್ನು ಕಲಿಸಬೇಕಾದವರು ಕಲಿಸಿಲ್ಲವೆಂಬುದೇ ನನ್ನ ಆಕ್ಷೇಪ.

ತಳಿಯ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ನೆರೆಯ ಅಜ್ಜಂಪುರದಲ್ಲಿ ಆ ರಾಸುಗಳ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಕೃತಕ ಗರ್ಭಧಾರಣೆಗೆ ವೀರ್ಯ ಒದಗಿಸುವ ಹೋರಿಗಳನ್ನು ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಗಳಿಗಾಗಿ ಮಾತ್ರವಲ್ಲದೆ ಕೆಲವು ಆನುವಂಶಿಕ ದೋಷಗಳಿಗಾಗಿಯೂ ಪರೀಕ್ಷಿಸಬೇಕೆಂಬ ಕ್ರಮ ನಮ್ಮ ದೇಶದಲ್ಲಿದೆ. ಅಂಥ ದೋಷಗಳಲ್ಲಿ ‘ಬ್ಲ್ಯಾಡ್’ ಎಂಬುದು ಕರುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸಿ ಎಳೆಯದರಲ್ಲಿಯೇ ಬಲಿ ತೆಗೆದುಕೊಳ್ಳುತ್ತದೆ. ಅಮೆರಿಕದ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಒಂದೇ ಹೋಲ್‌ಸ್ಟೀನ್ ಹೋರಿಯ ಸಂತತಿಯ ಮೂಲಕ ಅದು ಹಲವು ದೇಶಗಳಿಗೆ ಹರಡಿತು. ದೋಷವನ್ನು ಹೊತ್ತಿದ್ದರೂ ಆ ಹೋರಿಗೆ ರೋಗವಿರಲಿಲ್ಲ. ಹಾಲಿನ ನಷ್ಟವನ್ನು ಲೆಕ್ಕ ಹಾಕುವವರಿದ್ದುದರಿಂದ ಹೋರಿಗೆ ಪರೀಕ್ಷೆ ಬಂದಿತು. ನಾಯಿಯ ನೋವು ಯಾರ ಲೆಕ್ಕಕ್ಕೂ ಸೇರಲಿಲ್ಲ.

1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರ್ಕಾರವು 2017ರಲ್ಲಿ ನಾಯಿಗಳ ತಳಿ ಸಂವರ್ಧನೆ ಹಾಗೂ ಮಾರಾಟದ ನಿಯಮಗಳನ್ನು ಹೊರಡಿಸಿತು. ತಳಿ ಬೆಳೆಸುವವರು ನೋಂದಾಯಿಸಿಕೊಳ್ಳಬೇಕು. 8 ವಾರ ತುಂಬದ ಮರಿಯನ್ನು ಮಾರಬಾರದು. 18 ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು. ಒಂದು ಹೆಣ್ಣುನಾಯಿಗೆ ಜೀವಮಾನದಲ್ಲಿ 5ಕ್ಕಿಂತ ಹೆಚ್ಚು ಸೂಲುಗಳಾಗಬಾರದು. ಕೂಡಿಸುವ ಮುನ್ನ ಎರಡೂ ನಾಯಿಗಳು ಆರೋಗ್ಯವಾಗಿವೆಯೆಂದು ಪಶುವೈದ್ಯರು ಪ್ರಮಾಣೀಕರಿಸಬೇಕು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ‘ಆರೋಗ್ಯವಾಗಿದೆ’ ಎಂಬ ಮಾತಿನ ಅರ್ಥವೇನು? ಜ್ವರವಿಲ್ಲ, ಕಜ್ಜಿಯಿಲ್ಲ, ಹೊಟ್ಟೆಯಲ್ಲಿ ಹುಳುವಿಲ್ಲ, ಲಸಿಕೆ ಹಾಕಿಸಿದೆ ಎಂದಷ್ಟೇ ಆದರೆ ಅದು ಆ ದಿನದ ದೇಹದ ವಿಚಾರ. ಹುಟ್ಟಲಿರುವ ಮರಿಗೆ ಏನು ಹರಿದು ಬರುವುದೆಂಬುದನ್ನು ಆ ಸಹಿ ಹೇಳುವುದಿಲ್ಲ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಸಾಮಾನ್ಯವಾದ ಹಿಪ್ ಡಿಸ್‌ಪ್ಲೇಸಿಯಾವನ್ನೇ ನೋಡಿ. ಸೊಂಟದ ಕೀಲಿನ ಗುಳಿಯೂ ತೊಡೆಯ ಮೂಳೆಯ ಗುಂಡೂ ಸರಿಯಾಗಿ ಹೊಂದದೆ ಕೀಲು ಸವೆಯುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿ ಓಡುವ ನಾಯಿಯಲ್ಲಿಯೂ ದೋಷವಿರಬಹುದು. ಎಕ್ಸ್‌ರೇಯಿಂದಲೇ ಅದು ತಿಳಿಯಬೇಕು. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೂಳೆರೋಗ ಪ್ರತಿಷ್ಠಾನವು ನಾಯಿಗೆ 24 ತಿಂಗಳು ತುಂಬಿದ ಮೇಲೆಯೇ ಕೀಲಿನ ಅಂತಿಮ ಪ್ರಮಾಣಪತ್ರ ಕೊಡುತ್ತದೆ. ನಮ್ಮ ನಿಯಮವೋ 18 ತಿಂಗಳಿಗೇ ಅನುಮತಿಸುತ್ತದೆ. ಕಣ್ಣಿನ ಅಕ್ಷಿಪಟಲ ಕ್ರಮೇಣ ನಶಿಸುವ ರೋಗ ಇನ್ನೂ ವಂಚಕವಾದುದು: ದೃಷ್ಟಿ ಮಂದವಾಗುವ ಹೊತ್ತಿಗೆ ನಾಯಿಯು ಎರಡು ಮೂರು ಸೂಲು ಮರಿ ಹಾಕಿರಬಹುದು. ಅದರ ಒಂದು ಸಾಮಾನ್ಯ ಬಗೆಯನ್ನು ಒಮ್ಮೆ ಮಾಡುವ ವಂಶವಾಹಿ ಪರೀಕ್ಷೆಯಿಂದ ಮೊದಲೇ ತಿಳಿಯಲು ಸಾಧ್ಯ.

ನನ್ನ ಬಂಧುಗಳ ತೋಟದಲ್ಲಿ ಇಂಥದೊಂದು ಲ್ಯಾಬ್ರಡಾರ್ ಇತ್ತು. ಹತ್ತನೆಯ ತಿಂಗಳಲ್ಲಿ ಅದು ಹಿಂಗಾಲುಗಳನ್ನು ಎಳೆಯತೊಡಗಿತು. ಮಕ್ಕಳು ಗೋಣಿಚೀಲವನ್ನು ಹೊಟ್ಟೆಯಡಿ ಕೊಟ್ಟು ಎಬ್ಬಿಸುತ್ತಿದ್ದರು. ಮಾರಿದವನನ್ನು ಕೇಳಿದಾಗ ವೈದ್ಯರ ಸಹಿಯುಳ್ಳ ಕಾಗದವನ್ನೇ ತೋರಿಸಿದನು. ಕಾಗದ ಸುಳ್ಳಾಗಿರಲಿಲ್ಲ. ಕೀಲಿನ ಮಾತು ಅದರಲ್ಲಿ ಇರಲೇ ಇಲ್ಲ.

ಹೋಬಳಿಯ ಪಶುವೈದ್ಯರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ದನ ಕುರಿಗಳ ಚಿಕಿತ್ಸೆ, ಕಾಲುಬಾಯಿ ಜ್ವರದ ಲಸಿಕೆ, ಇವುಗಳ ನಡುವೆ ಅವರಿಗೆ ಬಿಡುವಿಲ್ಲ. ಎಕ್ಸ್‌ರೇ ಯಂತ್ರವೂ ಎಲ್ಲೆಡೆ ಇರುವುದಿಲ್ಲ. ನನ್ನ ಟೀಕೆ ನಗರದ ಸಾಕುಪ್ರಾಣಿ ಚಿಕಿತ್ಸಾಲಯಗಳಿಗೂ ವೃತ್ತಿಸಂಘಗಳಿಗೂ ಹೆಚ್ಚು ಸಲ್ಲುತ್ತದೆ. ಪರೀಕ್ಷೆಯ ಫಲಿತಾಂಶವನ್ನು ನಮೂದಿಸದೆ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲವೆಂದು ಅವರು ನಿಶ್ಚಯಿಸಿದರೆ ಸರ್ಕಾರದ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ. ಕುಂಟುವ ಮರಿಗೆ ಔಷಧಿ ಬರೆಯುವಾಗ ಹೇಳುವ ಮಾತನ್ನು ಅದರ ತಾಯಿಯನ್ನು ಕೂಡಿಸುವ ಮೊದಲೇ ಹೇಳಬಾರದೇಕೆ?

ಪರೀಕ್ಷೆಯೇ ಸರ್ವಸ್ವವೆಂದೂ ಭಾವಿಸಬಾರದು. ಕೀಲಿನ ದೋಷಕ್ಕೆ ಅನೇಕ ವಂಶವಾಹಿಗಳೊಡನೆ ಆಹಾರ, ತೂಕಗಳೂ ಕಾರಣ. ನಿರ್ದೋಷಿ ತಾಯಿತಂದೆಗಳಿಗೂ ದೋಷದ ಮರಿ ಹುಟ್ಟಬಹುದು. ಮುಧೋಳದಂಥ ನಮ್ಮ ತಳಿಗಳಲ್ಲಿ ಮತ್ತೊಂದು ಎಚ್ಚರಿಕೆ ಬೇಕು. 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಈ ಬೇಟೆನಾಯಿಗಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸಂಖ್ಯೆ ಕಡಿಮೆಯಿರುವ ತಳಿಯಲ್ಲಿ ದೋಷವಾಹಕಗಳನ್ನೆಲ್ಲ ಒಮ್ಮೆಲೇ ಹೊರಗಿಟ್ಟರೆ ಉಳಿದವು ಹತ್ತಿರದ ರಕ್ತದಲ್ಲಿಯೇ ಕೂಡಿ ಹೊಸ ದೋಷಗಳು ತಲೆಯೆತ್ತುತ್ತವೆ. ಎರಡು ಕಡೆಯಿಂದಲೂ ಬಂದರಷ್ಟೇ ಪ್ರಕಟವಾಗುವ ರೋಗವಾದರೆ, ವಾಹಕ ನಾಯಿಯನ್ನು ನಿರ್ದೋಷಿಯೊಡನೆ ಕೂಡಿಸಿದಾಗ ಮರಿಗಳಿಗೆ ರೋಗ ಬರುವುದಿಲ್ಲ. ಈ ವಿವೇಕವನ್ನು ವ್ಯಾಪಾರಿಯಿಂದ ನಿರೀಕ್ಷಿಸಲಾಗದು, ಪಶುವೈದ್ಯನೇ ಹೇಳಬೇಕು.

12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ವೃತ್ತಿಗಳನ್ನು ಹೇಳುವಾಗ ‘ಅಸತೀಪೋಷಣ’ದಲ್ಲಿ ಹಣಕ್ಕಾಗಿ ನಾಯಿ ಬೆಕ್ಕುಗಳನ್ನು ಸಾಕುವುದನ್ನೂ ಸೇರಿಸಿದ್ದಾರೆ. ಆದ್ದರಿಂದ ಈ ವಿಷಯ ನಮಗೆ ಸಂಬಂಧಿಸಿದ್ದಲ್ಲವೆಂದು ಕೆಲವರು ಹೇಳಬಹುದು. ಆದರೆ ಮಾರದಿರುವ ನಾವು ಕೊಳ್ಳುತ್ತೇವಲ್ಲ! ಪರೀಕ್ಷೆಯಲ್ಲಿ ಅನುತ್ತೀರ್ಣವಾದ ನಾಯಿಯ ಗತಿಯೂ ನಮ್ಮನ್ನು ಕಾಡಬೇಕು. ಅದನ್ನು ಬೀದಿಗೆ ಬಿಡುವುದಾದರೆ ಪರೀಕ್ಷೆಯೇ ಹೊಸ ಹಿಂಸೆಯಾಯಿತು. ಮರಿ ಹಾಕಿಸದೆ ಮನೆಯಲ್ಲಿಯೇ ಇರಿಸಿಕೊಳ್ಳುವ ಲಿಖಿತ ಒಪ್ಪಿಗೆಯನ್ನು ಪಶುವೈದ್ಯರು ಪರೀಕ್ಷೆಗೆ ಮೊದಲೇ ಪಡೆಯಬೇಕು.

ಪ್ರತಿವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನದಂದು ಅನೇಕ ಕಡೆ ನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ. ಬಸದಿಯ ಟ್ರಸ್ಟುಗಳು ಅಂಥ ಶಿಬಿರಕ್ಕೆ ಜಾಗ, ನೆರಳು, ನೀರು ಒದಗಿಸಬಹುದು. ಲಸಿಕೆಯ ಚೀಟಿ ಬರೆಯುವ ವೈದ್ಯರು ಅದೇ ಮೇಜಿನಲ್ಲಿ, ಈ ನಾಯಿಯಿಂದ ಮರಿ ಹಾಕಿಸುವಿರಾ, ಸೊಂಟದ ಎಕ್ಸ್‌ರೇ ಆಗಿದೆಯೇ, ಕಣ್ಣು ತೋರಿಸಿದ್ದೀರಾ ಎಂದು ಕೇಳಿ ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಡಲಿ.