ನಂಜಮ್ಮನ ಜಮಾಖರ್ಚು

ನಮ್ಮ ಬಡಾವಣೆಯ ಹತ್ತು ಹನ್ನೆರಡು ಮಂದಿ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುವ ಪರಿಪಾಠ ಇಟ್ಟುಕೊಂಡಿದ್ದೇವೆ. ಪುಸ್ತಕ ನೆಪ, ಒಗ್ಗರಣೆ ಅವಲಕ್ಕಿಯೇ ಮುಖ್ಯ ಎಂದು ನಮ್ಮ ಮನೆಯವರು ಹಾಸ್ಯ ಮಾಡುವುದುಂಟು. ಮಾಡಲಿ. ಕಳೆದ ಸಲ ನಾವು ಆರಿಸಿಕೊಂಡಿದ್ದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಾನು ಮೊದಲು ಓದಿದ್ದು ಬಿ.ಎ. ಎರಡನೆಯ ವರ್ಷದಲ್ಲಿ, ಕಾಲೇಜಿನ ಗ್ರಂಥಾಲಯದ ರಟ್ಟು ಕಿತ್ತುಹೋದ ಪ್ರತಿಯಲ್ಲಿ. ಆಗ ರಾತ್ರಿಯೆಲ್ಲ ಅತ್ತಿದ್ದೆ. ಈ ಸಲ ಅಳು ಬರಲಿಲ್ಲ. ಐವತ್ತು ದಾಟಿದ ಮೇಲೆ, ಮೂವತ್ತು ವರ್ಷ ಸಂಸಾರದ ಲೆಕ್ಕ ಬರೆದ ಮೇಲೆ, ಕಾದಂಬರಿಯನ್ನೂ ಜಮಾಖರ್ಚಿನ ಪುಸ್ತಕದ ಹಾಗೆಯೇ ಓದುವ ಚಾಳಿ ಬಂದಿರಬೇಕು. ಪೆನ್ಸಿಲ್ ಹಿಡಿದು ಕೂತೆ.

ಸಭೆಯಲ್ಲಿ ಮಾತು ಶುರುವಾದದ್ದು ಎಂದಿನಂತೆ ಹೊಗಳಿಕೆಯಿಂದ. ನಂಜಮ್ಮ ಸಹನೆಯ ಮೂರ್ತಿ, ಭೂಮಿತೂಕದ ಹೆಣ್ಣು, ಇತ್ಯಾದಿ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, “ಏನೂ ಇಲ್ಲದ ಮನೆಯಲ್ಲಿ ಮಕ್ಕಳನ್ನು ಸಾಕಿದಳಲ್ಲ! ನಮಗೆ ತಿಂಗಳಿಗೆ ಎಷ್ಟು ಬಂದರೂ ಸಾಲದು. ಮಿತವ್ಯಯ ಅಂದರೆ ಏನು ಅಂತ ಅವಳಿಂದ ಕಲಿಯಬೇಕು ಕಣ್ರೀ” ಎಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಆ ‘ಮಿತವ್ಯಯ’ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಸರಿಯಾದ ಉತ್ತರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಓದದವರಿಗಾಗಿ ಎರಡು ಮಾತು. ಕಥೆ ನಡೆಯುವುದು ಹಳೆಯ ಮೈಸೂರು ಸಂಸ್ಥಾನದ ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ, ಕಳೆದ ಶತಮಾನದ ಇಪ್ಪತ್ತರಿಂದ ನಲವತ್ತರ ದಶಕಗಳಲ್ಲಿ. ನಂಜಮ್ಮನ ಗಂಡ ಚೆನ್ನಿಗರಾಯ ರಾಮಸಂದ್ರದ ಶಾನುಭೋಗ. ಹೊಟ್ಟೆಯ ಹೊರತು ಬೇರೆ ಯೋಚನೆಯಿಲ್ಲದ ಮನುಷ್ಯ. ಅತ್ತೆ ಗಂಗಮ್ಮನ ಬಾಯಿ ಊರಿಗೇ ಹೆಸರುವಾಸಿ. ಸಾಲಕ್ಕೆ ಹೊಲಗದ್ದೆ ಹೋಗುತ್ತವೆ. ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಗಂಡನ ಹೆಸರಿನ ಶಾನುಭೋಗಿಕೆಯ ಲೆಕ್ಕಗಳನ್ನು ತಾನೇ ಬರೆಯುತ್ತಾಳೆ. ಪ್ಲೇಗು ಅವಳ ಇಬ್ಬರು ಮಕ್ಕಳನ್ನು, ಮುಂದೆ ಅವಳನ್ನೂ ಒಯ್ಯುತ್ತದೆ. ಲೇಖಕರ ಸ್ವಂತ ಬಾಲ್ಯದ ನೋವು ಇದರಲ್ಲಿ ಎಷ್ಟು ಬೆರೆತಿದೆ ಎಂಬುದು 1996ರಲ್ಲಿ ಬಂದ ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಮಿತವ್ಯಯ ಎಂದರೆ ಇದ್ದುದರಲ್ಲಿ ಕಡಿಮೆ ಖರ್ಚು ಮಾಡುವುದು. ನಂಜಮ್ಮನ ಮನೆಯಲ್ಲಿ ಕಡಿಮೆ ಮಾಡಲು ಇದ್ದದ್ದಾದರೂ ಏನು? ಅವಳು ಮಾಡಿದ್ದು ಸಂಪಾದನೆ. ಮುತ್ತುಗದ ಎಲೆಯ ಕೆಲಸ ಮಾಡಿದವರಿಗೆ ಗೊತ್ತು. ಕಾಡಿಗೆ ಹೋಗಿ ಎಲೆ ಕಿತ್ತು ಹೊತ್ತು ತರಬೇಕು, ಒಣಗಿಸಬೇಕು, ನೀರು ಚಿಮುಕಿಸಿ ಹದ ಮಾಡಬೇಕು, ಕಡ್ಡಿ ಚುಚ್ಚಿ ಒಂದೊಂದೇ ಹಚ್ಚಿ ಕಟ್ಟು ಕಟ್ಟಬೇಕು. ಬೆರಳ ತುದಿ ಒಡೆದುಹೋಗುತ್ತದೆ. ಶಾನುಭೋಗಿಕೆ ಲೆಕ್ಕವೋ, ಅದು ಸರ್ಕಾರದ ಬರವಣಿಗೆ. ಖಾತೆ, ಕಂದಾಯ, ವಸೂಲಿ, ಒಂದಂಕೆ ತಪ್ಪಿದರೂ ಮೇಲಿನವರು ಬಿಡುವುದಿಲ್ಲ. ಬರೆದವಳು ನಂಜಮ್ಮ, ರುಜು ಚೆನ್ನಿಗರಾಯನದು. ಹೀಗೆ ಎರಡೆರಡು ಉದ್ಯೋಗ ಮಾಡಿ ಮನೆ ನಡೆಸಿದವಳನ್ನು ನಾವು ‘ಸಂಪಾದಿಸಿದಳು’ ಎನ್ನುವುದಿಲ್ಲ, ‘ತೂಗಿಸಿದಳು’ ಎನ್ನುತ್ತೇವೆ. ಗಂಡಸು ತಂದರೆ ವರಮಾನ, ಹೆಂಗಸು ತಂದರೆ ಉಳಿತಾಯ! ಭೈರಪ್ಪನವರು ಈ ತಪ್ಪು ಮಾಡಿಲ್ಲ. ಅವರು ಅವಳ ದುಡಿಮೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ತಪ್ಪು ನಮ್ಮ ಓದಿನದು.

2023ರಲ್ಲಿ ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ‘ಗೃಹಲಕ್ಷ್ಮಿ’ ಯೋಜನೆ ತಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ. ಆ ದುಡ್ಡನ್ನು ಹೆಂಗಸರು ಏನು ಮಾಡುತ್ತಾರೆ ಎಂದು ಕೇಳಿದವರೇ ಎಲ್ಲ. ಅದಕ್ಕೆ ಮೊದಲು ಹೇಗೆ ನಡೆಸುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ.

ನಂಜಮ್ಮನ ಜಮೆಯ ಪುಟದಲ್ಲಿ ಇನ್ನೊಂದು ಬಾಬತ್ತು ಇದೆ. ನಾನು ಪೆನ್ಸಿಲ್ ಗೆರೆ ಎಳೆದದ್ದು ಹೆಚ್ಚಾಗಿ ಅಲ್ಲಿಯೇ. ಅದು ಬೇರೆಯವರು ಕೊಟ್ಟದ್ದು. ಊರಿನಲ್ಲಿ ಮಹಾದೇವಯ್ಯ ಎಂಬ ಜಂಗಮರಿದ್ದಾರೆ. ಭಿಕ್ಷೆಯಿಂದ ಬದುಕುವ ಮನುಷ್ಯ, ತನಗೆ ಬಂದುದರಲ್ಲಿ ಈ ಸಂಸಾರಕ್ಕೂ ಒಂದು ಪಾಲು ಎತ್ತಿಡುತ್ತಾರೆ. ಕೊನೆಗೆ ಉಳಿದ ಒಬ್ಬ ಹುಡುಗನ ಕೈ ಹಿಡಿಯುವವರೂ ಅವರೇ, ಹೆತ್ತ ತಂದೆಯಲ್ಲ. ಕಷ್ಟಸುಖ ಹೇಳಿಕೊಳ್ಳಲು ಸರ್ವಕ್ಕನಂಥ ಗೆಳತಿ ಇದ್ದಾಳೆ. ಅವಳ ಮನೆಯ ಕಥೆಯೂ ಸುಖದ್ದಲ್ಲ. ಇವರನ್ನೆಲ್ಲ ಕಳೆದು ನೋಡಿ. ನಂಜಮ್ಮನ ಜಾಣತನ, ಸಹನೆ, ಮಿತವ್ಯಯ ಎಲ್ಲ ಸೇರಿದರೂ ಲೆಕ್ಕ ಸರಿಹೋಗುವುದಿಲ್ಲ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಮಹಾದೇವಯ್ಯನವರು ಲಿಂಗವಂತರು, ನಂಜಮ್ಮನದು ಬ್ರಾಹ್ಮಣರ ಮನೆ. ಆ ಕಾಲದ ಮಡಿಯಲ್ಲಿ ಹಸಿಯ ಕಾಳು, ಹಿಟ್ಟು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಬಹುದಿತ್ತು, ಬೆಂದದ್ದು ದಾಟುವಂತಿರಲಿಲ್ಲ. ಇದು ಬರೀ ಕಾದಂಬರಿಯ ಕಾಲದ ಮಾತೂ ಅಲ್ಲ. ನಾನು ಬೆಳೆದದ್ದು ಅರಸೀಕೆರೆಯ ಒಂದು ವಠಾರದಲ್ಲಿ, 1970ರ, 80ರ ದಶಕಗಳಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ತಿಂಗಳ ಇಪ್ಪತ್ತರ ಮೇಲೆ ವಠಾರದ ಏಳು ಮನೆಗಳ ನಡುವೆ ಲೋಟ, ಬಟ್ಟಲುಗಳ ಓಡಾಟ ಶುರುವಾಗುತ್ತಿತ್ತು. ಒಬ್ಬರಿಗೆ ಪಾವು ಸಕ್ಕರೆ, ಒಬ್ಬರಿಗೆ ಅರ್ಧ ಸೀಸೆ ಸೀಮೆಎಣ್ಣೆ, ಇನ್ನೊಬ್ಬರಿಗೆ ಕಾಫಿಪುಡಿ. ಗೋಪುರವಾಗಿ ತುಂಬಿ ಕೊಟ್ಟದ್ದು ಮಟ್ಟಸವಾಗಿ ಹಿಂದಕ್ಕೆ ಬಂದರೆ ಕಣ್ಣಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆದರೆ ದೋಸೆ ಹಿಟ್ಟು, ಹುಳಿ, ಮೊಸರಿನ ಹೆಪ್ಪು ಇವು ಎಲ್ಲ ಬಾಗಿಲಿಗೂ ಹೋಗುತ್ತಿರಲಿಲ್ಲ. ಏಳು ಮನೆಗಳಲ್ಲಿ ನಮಗೆ ಹೆಪ್ಪು ಕೊಡಬಹುದಾದವು ಎರಡೇ. ಅಂಥ ಕಟ್ಟಿನೊಳಗೂ ಒಂದು ವಠಾರ ತಿಂಗಳ ಕೊನೆಯನ್ನು ಮುಟ್ಟುತ್ತಿತ್ತು. ಅದನ್ನು ನೆನೆದು ಹಳೆಯದೆಲ್ಲ ಚಿನ್ನ ಎನ್ನುವವಳಲ್ಲ ನಾನು. ಬಟ್ಟಲು ಯಾರ ಬಾಗಿಲಲ್ಲಿ ನಿಲ್ಲುತ್ತಿತ್ತು ಎಂಬುದೂ ನನಗೆ ನೆನಪಿದೆ.

ನಮ್ಮ ವಾರಪತ್ರಿಕೆಗಳ ಮಹಿಳಾ ಪುಟಗಳನ್ನು ನಾನು ಹುಡುಗಿಯಾದಾಗಿನಿಂದ ಓದುತ್ತ ಬಂದವಳು. ಮಿತವ್ಯಯದ ಸಲಹೆಗಳಿಗೆ ಅಲ್ಲಿ ಬರವಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿ, ಮಿಕ್ಕ ಅನ್ನದ ಸಂಡಿಗೆ, ಹಳೆ ಸೀರೆಯ ಕೌದಿ, ಸೋಪಿನ ಚೂರುಗಳನ್ನು ಒತ್ತಿ ಹೊಸ ಸೋಪು. ಎಷ್ಟನ್ನೋ ನಾನೂ ಮಾಡಿದ್ದೇನೆ. ಹೀರೆಸಿಪ್ಪೆಯ ಚಟ್ನಿ ನಿಜಕ್ಕೂ ರುಚಿ. (ಸೋಪಿನ ಉಪಾಯ ಮಾಡಲು ಹೋಗಬೇಡಿ, ಉಂಡೆ ಎರಡೇ ದಿನಕ್ಕೆ ಬಿಟ್ಟುಕೊಳ್ಳುತ್ತದೆ.) ಆ ಪುಟಗಳಲ್ಲಿ ನನ್ನ ಕಣ್ಣಿಗೆ ಕಾಣದೆ ಹೋದದ್ದು ಪಕ್ಕದ ಮನೆ. ಬೀಸಣಿಗೆಯಂತೆ ಮಡಿಸಿದ ಸೆರಗಿನ ಒಬ್ಬ ಗೃಹಿಣಿ, ಅವಳ ಅಡಿಗೆಮನೆ, ಅವಳ ಡಬ್ಬಿಗಳು. ‘ಸಕ್ಕರೆ ಮುಗಿದರೆ ಎದುರು ಮನೆಯಲ್ಲಿ ಕೇಳಿ’ ಎಂಬ ಸಲಹೆಯನ್ನು ನಾನಂತೂ ಓದಿಲ್ಲ. ಕೇಳುವುದು ಅವಮಾನ, ಒಬ್ಬಳೇ ತೂಗಿಸುವುದು ಮರ್ಯಾದೆ ಎಂಬುದು ಹೇಳದೆಯೇ ನಮ್ಮೊಳಗೆ ಇಳಿದುಬಿಟ್ಟಿದೆ. ನಂಜಮ್ಮನನ್ನೂ ನಾವು ಈ ಗೃಹಿಣಿಯ ಅಚ್ಚಿಗೇ ಒತ್ತಿ ಓದುತ್ತೇವೆ.

ಕಾದಂಬರಿಯ ಬಗ್ಗೆ ನನ್ನದೊಂದು ದೂರೂ ಇದೆ. ದೊಡ್ಡ ಲೇಖಕರ ದೊಡ್ಡ ಕೃತಿ, ಸಣ್ಣ ಮಾತು ಎಂದು ಕೊಳ್ಳಿ. ಚೆನ್ನಿಗರಾಯ ಅತಿಯಾದ. ಹೆಂಡತಿ ಮಕ್ಕಳು ಉಪವಾಸವಿರುವಾಗ ಕೈಗೆ ಬಂದ ಕಾಸನ್ನು ಹೋಟೆಲಿನಲ್ಲಿ ತಿಂದು ಬರುವ ಗಂಡ. ಅಂಥವರು ಇಲ್ಲವೆಂದಲ್ಲ, ನಾನೇ ಕಂಡಿದ್ದೇನೆ. ಆದರೆ ಖಳ ಇಷ್ಟು ಕಪ್ಪಾದರೆ ಉಳಿದವರೆಲ್ಲ ಬೆಳ್ಳಗೆ ಕಾಣುತ್ತಾರೆ. 2000ದ ನಂತರದ ವರ್ಷಗಳಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಧಾರಾವಾಹಿ ಮಾಡಿದಾಗ ನಮ್ಮ ಓಣಿಯ ಗಂಡಸರೂ ಕೂತು ನೋಡಿದರು. ಮಾಳವಿಕಾ ಅವರ ನಂಜಮ್ಮನನ್ನು ನೋಡಿ ಕಣ್ಣೊರೆಸಿಕೊಂಡರು, ಚೆನ್ನಿಗರಾಯನಿಗೆ ಶಾಪ ಹಾಕಿದರು. ಸಂಬಳ ತಂದು ಕೈಗೆ ಕೊಟ್ಟು, ಅದು ಮೂವತ್ತು ದಿನ ಹೇಗೆ ಬಂತು ಎಂದು ಒಮ್ಮೆಯೂ ಕೇಳದ ಸಜ್ಜನ ಗಂಡನಿಗೆ ಆ ಕಥೆಯಲ್ಲಿ ತನ್ನ ಮುಖ ಕಾಣುವುದೇ ಇಲ್ಲ. ನಮ್ಮಪ್ಪ ಅಂಥ ಸಜ್ಜನರು. ಬೀಡಿ ಸೇದಿದವರಲ್ಲ, ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಒಂದನೇ ತಾರೀಕು ಸಂಬಳವನ್ನು ದೇವರ ಮುಂದಿಟ್ಟು ಅಮ್ಮನ ಕೈಗೆ ಕೊಡುತ್ತಿದ್ದರು. ಅಲ್ಲಿಗೆ ಅವರ ಲೆಕ್ಕ ಮುಗಿಯಿತು. ಈ ಬಗೆಯ ಮನೆಯ ಕಥೆಯನ್ನು ಅಷ್ಟೇ ವಿಸ್ತಾರವಾಗಿ ಯಾರಾದರೂ ಬರೆಯಬೇಕು. ಅದರಲ್ಲಿ ಬೈಯಲು ಯಾರೂ ಸಿಗುವುದಿಲ್ಲವಾದ್ದರಿಂದ ಬರೆಯುವುದು ಕಷ್ಟವಿರಬಹುದು.

ಹೊಗಳಿಕೆಯ ಮೇಲೆ ನನಗೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಕಾರಣ ನನ್ನಲ್ಲೇ ಇದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಇಲ್ಲ; ತಾಯಿ ಸೀರೆಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿ ಮೂರು ಮಕ್ಕಳನ್ನು ಓದಿಸುತ್ತಿದ್ದರು. ಪೋಷಕರ ಸಭೆಯಲ್ಲಿ ನಾನು ಆಕೆಯನ್ನು ಎಬ್ಬಿಸಿ ನಿಲ್ಲಿಸಿ, “ಇವರನ್ನು ನೋಡಿ ಕಲಿಯಿರಿ, ಇದ್ದುದರಲ್ಲಿ ಅಚ್ಚುಕಟ್ಟಾಗಿ ಸಂಸಾರ ಮಾಡುವುದು ಹೀಗೆ” ಎಂದು ಚಪ್ಪಾಳೆ ತಟ್ಟಿಸಿದೆ. ಆಕೆ ತಲೆ ತಗ್ಗಿಸಿ ನಿಂತಿದ್ದರು. ಸಂಕೋಚ ಎಂದುಕೊಂಡೆ. ಅದೇ ತಿಂಗಳು ಆ ಹುಡುಗಿ ಬಿಸಿಯೂಟದ ಅನ್ನವನ್ನು ತಿನ್ನದೆ ಡಬ್ಬಿಗೆ ತುಂಬಿ ಚೀಲಕ್ಕೆ ಹಾಕಿಕೊಳ್ಳುವುದನ್ನು ಕಂಡೆ. ಶಾಲೆಯ ಊಟ ಶಾಲೆಯಲ್ಲೇ ಉಣ್ಣಬೇಕು, ಮನೆಗೆ ಒಯ್ಯಬಾರದು ಎಂದು ಎಲ್ಲರ ಎದುರಿಗೆ ಗದರಿದೆ. ಅವಳು ಅಳಲಿಲ್ಲ. “ಅಮ್ಮ ರಾತ್ರಿ ಊಟ ಮಾಡಲ್ಲ ಮಿಸ್. ಗ್ಯಾಸ್ಟ್ರಿಕ್ ಅಂತಾಳೆ. ಇದು ತಗೊಂಡೋದ್ರೆ ತಿಂತಾಳೆ” ಎಂದಳು.

ಗ್ಯಾಸ್ಟ್ರಿಕ್! ನಮ್ಮಮ್ಮನ ಕಾಲದಲ್ಲಿ ಅದಕ್ಕೆ ‘ಹಸಿವಿಲ್ಲ’ ಎಂದು ಹೆಸರಿತ್ತು, ಇಲ್ಲದಿದ್ದರೆ ‘ಶನಿವಾರ ಒಪ್ಪತ್ತು’. ನಮ್ಮಮ್ಮನಿಗೆ ಶನಿವಾರದ ಜೊತೆಗೆ ಸೋಮವಾರ, ಗುರುವಾರವೂ ಒಪ್ಪತ್ತು. ತಿಂಗಳ ಕೊನೆಯ ವಾರದಲ್ಲಿ ದೇವರ ಭಕ್ತಿ ಹೆಚ್ಚಾಗುತ್ತಿತ್ತು ಎಂಬುದನ್ನು ನಾನು ದೊಡ್ಡವಳಾದ ಮೇಲೆ ಗಮನಿಸಿದೆ. ನನ್ನ ವಿದ್ಯಾರ್ಥಿನಿಯ ತಾಯಿಗೆ ನಾನು ಚಪ್ಪಾಳೆ ತಟ್ಟಿಸಿದ್ದು ಇದಕ್ಕೆ. ಮರುದಿನದಿಂದ ಡಬ್ಬಿಯನ್ನು ಕಂಡೂ ಕಾಣದಂತೆ ಇದ್ದೆ. ನಾಲ್ಕು ಜನ ಟೀಚರುಗಳು ಸೀರೆಗಳನ್ನು ಆಕೆಗೇ ಕೊಡಲು ಶುರು ಮಾಡಿದೆವು. ಕೂಲಿಯನ್ನು ಕೆಲಸಕ್ಕೆ ಮೊದಲೇ ಕೊಡುತ್ತಿದ್ದೆವು. ಆಕೆ ಅದನ್ನು ಉಪಕಾರವೆಂದು ತಿಳಿಯದ ಹಾಗೆ ಮಾಡಲು ಬಹಳ ಜಾಗರೂಕತೆ ಬೇಕಾಯಿತು. ಒಮ್ಮೊಮ್ಮೆ ಆಗಲೂ ಇಲ್ಲ.

ಈ ಜಾಗರೂಕತೆಯಲ್ಲಿ ನಿಪುಣರೆಂದರೆ ಅರಸೀಕೆರೆಯ ನಮ್ಮ ಪಕ್ಕದ ಮನೆಯವರು. ಗಂಡ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಆಕೆಯನ್ನು ನಾವು ಮಕ್ಕಳೆಲ್ಲ ಅತ್ತೆ ಎನ್ನುತ್ತಿದ್ದೆವು. ನಮ್ಮ ಮನೆಗೆ ಹೆಪ್ಪು ಕೊಡಬಾರದ ಐದು ಮನೆಗಳಲ್ಲಿ ಅವರದೂ ಒಂದು. ಅಪ್ಪ ಮಂಡಿಗೆ, ನಾವು ಶಾಲೆಗೆ ಹೋದ ಮೇಲೆ, ಮಧ್ಯಾಹ್ನ ಒಂದೂವರೆಗೆ ಆಕೆ ತಮ್ಮ ತಟ್ಟೆಯಲ್ಲಿ ಮುದ್ದೆ, ಸಾರು ಹಾಕಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರಂತೆ. “ಒಬ್ಳೇ ಉಣ್ಣಾಕೆ ಸೇರಾಕಿಲ್ಲ ಕಣಮ್ಮಾ, ನೀವೂ ತಟ್ಟೆ ತಕ್ಕಂಬನ್ನಿ.” ಅಮ್ಮ ಹೊಸಿಲಿನ ಒಳಗೆ, ಆಕೆ ಹೊರಗೆ. ಹಸಿವಿಲ್ಲ ಎಂದರೆ ಆಕೆಯೂ ತಟ್ಟೆ ಪಕ್ಕಕ್ಕಿಟ್ಟು ಕೂರುತ್ತಿದ್ದರು. ಅಮ್ಮನಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಅಮ್ಮನ ತಟ್ಟೆಯಲ್ಲಿ ಏನೂ ಇಲ್ಲದ ದಿನ, ಸಂಜೆ ಯಾವುದೋ ನೆಪದಲ್ಲಿ ಮೊರದ ತುಂಬ ರಾಗಿಹಿಟ್ಟು ಬರುತ್ತಿತ್ತು. ಹಿಟ್ಟಿಗೆ ಮೈಲಿಗೆ ಇಲ್ಲವಲ್ಲ. ಇದನ್ನು ಅಮ್ಮ ನನಗೆ ಹೇಳಿದ್ದು ನನ್ನ ಮೊದಲ ಬಾಣಂತನದಲ್ಲಿ, ನಾನು ಒಬ್ಬಳೇ ನಿಂತುಕೊಂಡು ಗಬಗಬ ತಿನ್ನುವುದನ್ನು ನೋಡಿ.

ಅಂದು ಸಭೆಯಲ್ಲಿ ನಾನು ಕೇಳಿದ ಪ್ರಶ್ನೆ ಇಷ್ಟೇ: “ನಂಜಮ್ಮ ಉಣ್ಣುವಾಗ ಎದುರಿಗೆ ಯಾರು ಕೂತಿರುತ್ತಿದ್ದರು?” ನಾಲ್ಕೈದು ಜನ ಪುಸ್ತಕ ತೆರೆದು ಪುಟ ಮಗುಚತೊಡಗಿದರು. ಬ್ಯಾಂಕಿನವರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದಲೇ ಹುಡುಕಲು ಶುರು ಮಾಡಿದರು. ಮನೆಯಾಕೆ ಒಳಗಿನಿಂದ ತಟ್ಟೆಗಳನ್ನು ತಂದು, “ಆಮೇಲೆ ಹುಡುಕಿ, ಅವಲಕ್ಕಿ ಆರಿಹೋಗುತ್ತೆ” ಎಂದರು. ಎಲ್ಲರಿಗೂ ಕೊಟ್ಟು ತಿರುಗಿ ಒಳಗೆ ಹೋಗುತ್ತಿದ್ದ ಅವರ ಕೈ ಹಿಡಿದು, “ನಿಮ್ಮ ತಟ್ಟೆ ಎಲ್ಲಿ?” ಎಂದೆ.