‘ಸೆರೆಂಡಿಪಿಟಿ’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷು ಭಾಷೆಯಲ್ಲಿ ಬಹುಕಾಲ ವಿರಳವಾಗಿದ್ದು ಈಚೆಗೆ ಹಬ್ಬಿಕೊಂಡಿರುವ ಶಬ್ದಗಳಲ್ಲಿ ‘ಸೆರೆಂಡಿಪಿಟಿ’ ಎಂಬುದೊಂದು. ಇದನ್ನು ಕನ್ನಡಿಸಹೊರಟವರಿಗೆ ‘ಆಕಸ್ಮಿಕ’, ‘ಅದೃಷ್ಟ’, ‘ಕಾಕತಾಳೀಯ’ ಎಂಬ ಮಾತುಗಳು ಥಟ್ಟನೆ ಒದಗುವುದು ಸಹಜವು. ಆದರೆ ಇವುಗಳಲ್ಲಿ ಒಂದಾದರೂ ಮೂಲಾರ್ಥವನ್ನು ಪೂರ್ತಿಯಾಗಿ ಹೊರಲಾರದೆಂಬುದು ಶಬ್ದದ ಚರಿತ್ರೆಯನ್ನು ಪರಿಶೀಲಿಸಿದರೆ ವ್ಯಕ್ತವಾಗುವುದು.

ಈ ಶಬ್ದದ ಜನನಕಾಲವು ನಿಶ್ಚಿತವಾಗಿ ತಿಳಿದಿದೆ. 1754ನೆಯ ಇಸವಿ ಜನವರಿ 28ರಂದು ಹೊರೇಸ್ ವಾಲ್‌ಪೋಲ್ ಎಂಬ ಆಂಗ್ಲ ಸಾಹಿತಿಯು ಫ್ಲಾರೆನ್ಸಿನಲ್ಲಿದ್ದ ಹೊರೇಸ್ ಮ್ಯಾನ್ ಎಂಬ ಮಿತ್ರನಿಗೆ ಬರೆದ ಪತ್ರದಲ್ಲಿ ಇದನ್ನು ಸೃಷ್ಟಿಸಿದನು. ಸೆರೆಂಡಿಪ್ ದೇಶದ ಮೂವರು ರಾಜಕುಮಾರರ ಕಥೆಯೇ ಇದಕ್ಕೆ ಆಧಾರ. ಆ ಕಥೆಯು 1557ರಲ್ಲಿ ವೆನಿಸ್ ನಗರದಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಸೆರೆಂಡಿಪ್ ಎಂದರೆ ಸಿಂಹಳ. ಸಂಸ್ಕೃತದ ‘ಸಿಂಹಲದ್ವೀಪ’ವೇ ಅರಬರ ಬಾಯಲ್ಲಿ ‘ಸರನ್‌ದೀಬ್’ ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು.

ರಾಜಕುಮಾರರು ಪ್ರಯಾಣದಲ್ಲಿರುವಾಗ, ದಾರಿಯ ಒಂದೇ ಮಗ್ಗುಲಿನ ಹುಲ್ಲು, ಅದೂ ಕೀಳಾದ ಹುಲ್ಲು, ಮೇಯಲ್ಪಟ್ಟಿದ್ದುದನ್ನು ನೋಡುವರು. ಮುಂದೆ ಕಳೆದುಹೋದ ಒಂಟೆಯನ್ನು ಅರಸುವವನೊಬ್ಬನು ಎದುರಾದಾಗ, ಅದು ಒಕ್ಕಣ್ಣಿನದೆಂದು, ಒಂಟೆಯನ್ನು ನೋಡದೆಯೇ ಹೇಳುವರು. ಗುರುತು ಕಣ್ಣಿಗೆ ಬಿದ್ದುದು ಯದೃಚ್ಛೆಯಿಂದ. ಅದರ ಅರ್ಥವು ಹೊಳೆದುದು ಬುದ್ಧಿಯಿಂದ. ಹೊಗೆಯಿಂದ ಬೆಂಕಿಯನ್ನು ಊಹಿಸುವ ನಮ್ಮ ತಾರ್ಕಿಕರ ಅನುಮಾನಕ್ಕೆ ಇದು ಸಮೀಪವಾದುದು. ಅರಸದೆ ಇದ್ದುದನ್ನು ಆಕಸ್ಮಿಕದಿಂದಲೂ ಸೂಕ್ಷ್ಮಬುದ್ಧಿಯಿಂದಲೂ ಕಂಡುಕೊಳ್ಳುವುದು ಎಂಬ ಎರಡಂಶಗಳನ್ನೂ ವಾಲ್‌ಪೋಲನು ತನ್ನ ಶಬ್ದದಲ್ಲಿ ಸೇರಿಸಿದ್ದನು.

ಇಂಗ್ಲಿಷಿನಲ್ಲಿಯೇ ಇದಕ್ಕೆ ಪರ್ಯಾಯವಾಗಿ ಬಳಸುವ ‘ಲಕ್’, ‘ಚಾನ್ಸ್’, ‘ಫ್ಲೂಕ್’ ಎಂಬವುಗಳಲ್ಲಿ ಮೊದಲನೆಯ ಅಂಶವು ಮಾತ್ರ ಉಂಟು. ಬೀದಿಯಲ್ಲಿ ನಾಣ್ಯ ಸಿಕ್ಕಿದವನದು ಅದೃಷ್ಟವೇ ಹೊರತು ಸೆರೆಂಡಿಪಿಟಿಯಲ್ಲ.

ಸಂಸ್ಕೃತದ ನ್ಯಾಯಗಳಲ್ಲಿಯೂ ಇದೇ ಕೊರತೆಯು ಕಾಣುತ್ತದೆ. ಪಾಣಿನಿಯ 5-3-106ನೆಯ ಸೂತ್ರಕ್ಕೆ ಕಾಶಿಕಾವೃತ್ತಿಯು ಕಾಕತಾಳೀಯ, ಅಜಾಕೃಪಾಣೀಯ ಮೊದಲಾದ ಉದಾಹರಣೆಗಳನ್ನು ಕೊಟ್ಟಿದೆ. ಕಾಗೆಯು ಬಂದಿತು, ತಾಳೆಯು ಬಿದ್ದಿತು. ಇಲ್ಲಿ ಎರಡು ಸಂಗತಿಗಳ ಕೂಟವಿದೆ, ಅರಿಯುವವನಿಲ್ಲ. ಅಜಾಕೃಪಾಣೀಯದಲ್ಲಂತೂ ಆಡಿಗೆ ಕತ್ತಿಯಿಂದ ನಾಶವೇ ಫಲ. ಘುಣಾಕ್ಷರನ್ಯಾಯವು ಇವೆರಡಕ್ಕಿಂತಲೂ ಹತ್ತಿರ ಬರುತ್ತದೆ. ಮರವನ್ನು ಕೊರೆಯುವ ಹುಳುವಿನ ಜಾಡು ಅಕ್ಷರದ ಆಕಾರವನ್ನು ತಾಳುವುದು. ಆದರೆ ಹುಳುವಿಗೆ ಅಕ್ಷರಜ್ಞಾನವಿಲ್ಲ. ಅದು ಅಕ್ಷರವೆಂದು ಗುರುತಿಸಬಲ್ಲ ದಾರಿಹೋಕನಲ್ಲಿಯೇ ಸೆರೆಂಡಿಪಿಟಿಯು ನೆಲಸಿದೆ. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಎಂಬ ಕನ್ನಡದ ಗಾದೆಯು ಸೊಗಸಾದುದೇ. ಆದರೆ ಅಲ್ಲಿ ಬಳ್ಳಿಯನ್ನು ಮೊದಲೇ ಹುಡುಕುತ್ತಿದ್ದುದರಿಂದ ಅದೂ ಪೂರ್ಣವಾಗಿ ಹೊಂದದು.

ಇದು ಕೇವಲ ಪಂಡಿತರ ಶಬ್ದಜಿಜ್ಞಾಸೆಯೆಂದು ತಳ್ಳಿಬಿಡತಕ್ಕದ್ದಲ್ಲ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು, ತಟ್ಟೆಯಲ್ಲಿ ಬೆಳೆದ ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿದ್ದುದನ್ನು ಕಂಡು ಪೆನಿಸಿಲಿನ್ನಿನ ಇರವನ್ನು ಅರಿತನು. ಬೂಷ್ಟು ಬಿದ್ದುದು ಆಕಸ್ಮಿಕವೇ ಸರಿ. ಆದರೆ ಕೆಟ್ಟ ತಟ್ಟೆಯೆಂದು ಅದನ್ನು ತೊಳೆದಿಡದೆ ನಿಂತು ನೋಡಿದುದು ಆಕಸ್ಮಿಕವಲ್ಲ. ಈ ಶೋಧವನ್ನು ‘ಕಾಕತಾಳೀಯ’ವೆಂದು ಬರೆದರೆ ವರ್ಷಗಳ ಅಭ್ಯಾಸವು ಅಳಿಸಿಹೋಗಿ, ವಿದ್ಯೆಯು ದೈವವಶಾತ್ ಬರತಕ್ಕದ್ದೆಂಬ ಭ್ರಾಂತಿಯು ಎಳೆಯ ಮನಸ್ಸಿನಲ್ಲಿ ಬೇರೂರುವುದು. ಸಿದ್ಧವಾದ ಮನಸ್ಸಿಗೆ ಮಾತ್ರ ಯದೃಚ್ಛೆಯು ಒಲಿಯುವುದೆಂಬ ಅಭಿಪ್ರಾಯವನ್ನು ಪಾಶ್ಚರನು 1854ರಲ್ಲಿಯೇ ಪ್ರಕಟಿಸಿದ್ದನು.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಯದೃಚ್ಛಾಲಾಭ’ವೆಂದರೆ ಬುದ್ಧಿಯ ಅಂಶವು ಬಿಟ್ಟುಹೋಗುವುದು, ಅದನ್ನೂ ಸೇರಿಸಿ ದೀರ್ಘಸಮಾಸವನ್ನು ಕಟ್ಟಿದರೆ ಓದುಗರ ನಾಲಗೆ ತೊಡರುವುದು. ಕಥೆಗಳಲ್ಲಿ ಬರಿಯ ಸಂಗತಿಕೂಟವನ್ನು ಹೇಳುವಲ್ಲಿ ಕಾಕತಾಳೀಯವು ಧಾರಾಳವಾಗಿ ಇರಲಿ. ಶೋಧವನ್ನು ಹೇಳುವಲ್ಲಿ ‘ಅರಸದೆ ಎದುರಾದುದನ್ನು ಗುರುತಿಸಿದನು’ ಎಂದು ಬಿಡಿಸಿ ಬರೆಯುವುದೇ ಲೇಸು. ಒಂದೇ ಪದವು ಬೇಕೆನ್ನುವವರು ‘ಸೆರೆಂಡಿಪಿಟಿ’ಯನ್ನೇ ಇಟ್ಟುಕೊಳ್ಳಬಹುದು. ಸಿಂಹಲದ್ವೀಪದಿಂದ ಹೊರಟು ಅರಬಸ್ಥಾನ, ಇಟಲಿ, ಇಂಗ್ಲೆಂಡುಗಳನ್ನು ಸುತ್ತಿ ಮರಳಿ ಬಂದಿರುವ ಈ ಶಬ್ದವನ್ನು ಪರಕೀಯವೆಂದು ದೂರವಿಡಲು ಕಾರಣವಿಲ್ಲ.